ಉಪ್ಪಿನ ಹರಳು ದೀಪವಾದ ಕಥೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟದ ಹಳ್ಳಿಗಳಲ್ಲಿ ಈಗ ಸೌರದೀಪದ ಕಂಬಗಳು ಸಾಮಾನ್ಯ ನೋಟವಾಗಿವೆ. ಕಂಬದ ನೆತ್ತಿಯಲ್ಲಿ ಒಂದು ಕಪ್ಪು ಫಲಕ, ಅದರ ಕೆಳಗೆ ಅಂಗೈ ಅಗಲದ ಎಲ್‌ಇಡಿ ದೀಪ. ಹಗಲು ಮೇಲಿನದು ದುಡಿಯುತ್ತದೆ, ರಾತ್ರಿ ಕೆಳಗಿನದು. ಮೇಲಿನದು ಬೆಳಕನ್ನು ವಿದ್ಯುತ್ತಾಗಿಸುತ್ತದೆ, ಕೆಳಗಿನದು ವಿದ್ಯುತ್ತನ್ನು ಬೆಳಕಾಗಿಸುತ್ತದೆ. ಒಂದೇ ಕಂಬದ ಮೇಲೆ ಪರಸ್ಪರ ವಿರುದ್ಧವಾದ ಎರಡು ಕೆಲಸಗಳು ನಡೆಯುತ್ತವೆ. ಇವೆರಡಕ್ಕೂ ಇಂದು ಬಳಸುವ ಪದಾರ್ಥಗಳು ಬೇರೆ ಬೇರೆ. ಫಲಕದಲ್ಲಿರುವುದು ಸಿಲಿಕಾನ್, ದೀಪದಲ್ಲಿರುವುದು ಗ್ಯಾಲಿಯಂ ನೈಟ್ರೈಡ್ ಜಾತಿಯ ಅರೆವಾಹಕ. ಎರಡೂ ಕೆಲಸವನ್ನು ಒಂದೇ ಪದಾರ್ಥ ಮಾಡಬಲ್ಲುದೇ? ಮಾಡಬಲ್ಲುದೆಂದು ಕಳೆದ ಹದಿನೈದು ವರ್ಷಗಳ ಸಂಶೋಧನೆ ತೋರಿಸಿದೆ. ಆ ಪದಾರ್ಥದ ಹೆಸರು ಪೆರೋವ್‌ಸ್ಕೈಟ್.

ನಾನು ಪಾಠ ಹೇಳುತ್ತಿದ್ದ ಕಾಲದ ವಿಜ್ಞಾನ ಪುಸ್ತಕಗಳಲ್ಲಿ ಈ ಹೆಸರು ಇರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತೋಟ ನೋಡಿಕೊಂಡು ಊರಿನಲ್ಲೇ ಇದ್ದಾರೆ, ಕೆಲವರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇದ್ದಾರೆ. ಇಬ್ಬರಿಗೂ ತಿಳಿಯುವಂತೆ ಈ ಪದಾರ್ಥದ ಚರಿತ್ರೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದು ರಷ್ಯದ ಬೆಟ್ಟದಲ್ಲಿ ಆರಂಭವಾಗಿ, ಜಪಾನು, ಸ್ವಿಟ್ಜರ್ಲೆಂಡುಗಳನ್ನು ಹಾದು, ನಮ್ಮ ಬೆಂಗಳೂರಿನ ಗುರುಶಿಷ್ಯ ಪರಂಪರೆಯೊಂದನ್ನೂ ಒಳಗೊಂಡ ಕಥೆ. ಇದರ ಕೊನೆಯ ಅಧ್ಯಾಯ ಇನ್ನೂ ಬರೆದು ಮುಗಿದಿಲ್ಲ. ಅದು ನಮ್ಮ ಮಳೆಗೆ ಸಂಬಂಧಿಸಿದ್ದು.

ಮೊದಲು ನಮ್ಮ ಸೀಮೆಯ ದೀಪದ ವಿಷಯ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆದರೆ ಬೆಟ್ಟದ ಒಂಟಿಮನೆಗಳಿಗೆ ತಂತಿ ಬರಲು ಅಲ್ಲಿಂದ ಮುಂದೆ ಹಲವು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಅಡುಗೆಮನೆಗೆ ಸೀಮೆಎಣ್ಣೆಯ ಬುಡ್ಡಿ, ಜಗಲಿಗೆ ಲಾಟೀನು, ಮದುವೆ ಮನೆಗೆ ಗ್ಯಾಸ್‌ಲೈಟು. ತಂತಿ ಬಂದ ಮೇಲೂ ಆಷಾಢದ ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೆ ವಾರಗಟ್ಟಲೆ ಕತ್ತಲೆ. ಕಾಡಾನೆಗಳು ತೋಟದೊಳಗೆ ನಡೆದಾಡುವ ಈ ಸೀಮೆಯಲ್ಲಿ ರಾತ್ರಿಯ ಬೆಳಕು ಅಲಂಕಾರವಲ್ಲ. ಅಂಗಳಕ್ಕಿಳಿಯುವ ಮೊದಲು ಪ್ರಾಣರಕ್ಷಣೆಗೆ ಬೇಕಾದ ವಸ್ತು. ಆದ್ದರಿಂದಲೇ ಸೌರದೀಪ, ಸೌರಬೇಲಿಗಳು ಇಲ್ಲಿಯ ಜನರಿಗೆ ಬೇಗ ಹಿಡಿಸಿದವು. 1995ರಲ್ಲಿ ಹರೀಶ್ ಹಂದೆಯವರು ಆರಂಭಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪಗಳನ್ನು ಬ್ಯಾಂಕ್ ಸಾಲದ ಮೂಲಕ ತಲಪಿಸಿತು. ಆ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಈ ದೀಪಗಳ ಮೂಲ ಸಿಲಿಕಾನ್ ಸೌರಕೋಶ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆ ಅದನ್ನು ಜಗತ್ತಿಗೆ ತೋರಿಸಿದಾಗ ಅದರ ದಕ್ಷತೆ ಶೇಕಡ 6ರಷ್ಟಿತ್ತು. ಅಂದರೆ ಬಿದ್ದ ಬಿಸಿಲಿನ ನೂರು ಪಾಲಿನಲ್ಲಿ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಬಹಳ ದುಬಾರಿಯಾಗಿದ್ದ ಇದನ್ನು ಮೊದಲು ಕೊಂಡವರು ಆಕಾಶಕ್ಕೆ ಉಪಗ್ರಹ ಹಾರಿಸುವವರು. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಆರ್ಯಭಟ ಉಪಗ್ರಹ ಮೈಮೇಲೆ ಸೌರಕೋಶಗಳನ್ನು ಹೊದ್ದುಕೊಂಡಿತ್ತು. ನಮ್ಮ ಜಿಲ್ಲೆಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. 1982ರಲ್ಲಿ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಸ್ಥಾಪನೆಯಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಿಂದ ಇನ್ಸಾಟ್-1ಬಿ ಬಾನಿಗೇರಿದಾಗ ಅದರ ಸೌರಫಲಕ ಪೂರ್ತಿಯಾಗಿ ಬಿಚ್ಚಿಕೊಳ್ಳಲಿಲ್ಲ. ಫಲಕ ಬಿಚ್ಚದಿದ್ದರೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದಿದ್ದರೆ ಉಪಗ್ರಹವೇ ವ್ಯರ್ಥ. ನೆಲದಿಂದಲೇ ಸರಿಪಡಿಸುವ ಪ್ರಯತ್ನ ಸೆಪ್ಟೆಂಬರ್‌ವರೆಗೆ ನಡೆದು ಕೊನೆಗೆ ಫಲಕ ಬಿಚ್ಚಿಕೊಂಡಿತು. ನಮ್ಮ ಮನೆಗಳಿಗೆ ದೂರದರ್ಶನ ಬಂದದ್ದರಲ್ಲಿ ಆ ಉಪಗ್ರಹದ ಪಾಲು ದೊಡ್ಡದು.

ಸಿಲಿಕಾನಿನ ಒಂದು ಸ್ವಭಾವವನ್ನು ಇಲ್ಲಿ ಹೇಳಬೇಕು. ಅದು 1,414 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಅದರಲ್ಲಿ ಕಲ್ಮಶ ಇರಬಾರದು, ಹರಳಿನ ಜೋಡಣೆಯಲ್ಲಿ ದೋಷವಿರಬಾರದು. ಕಾಫಿ ಬೀಜದಲ್ಲಿ ಕಪ್ಪು ಕಾಳು ಬೆರೆತರೆ ಇಡೀ ಮೂಟೆಯ ಬೆಲೆ ಇಳಿಯುವಂತೆ, ಅತ್ಯಲ್ಪ ಕಲ್ಮಶವೂ ಸಿಲಿಕಾನನ್ನು ಕೆಡಿಸುತ್ತದೆ. ಅಷ್ಟು ಶುದ್ಧಗೊಳಿಸುವುದಕ್ಕೆ ದೊಡ್ಡ ಕುಲುಮೆ, ದೊಡ್ಡ ಬಂಡವಾಳ ಬೇಕು. ಜೊತೆಗೆ ಸಿಲಿಕಾನ್ ಬೆಳಕನ್ನು ಹೀರಬಲ್ಲದೇ ಹೊರತು ಚೆನ್ನಾಗಿ ಸೂಸಲಾರದು. ಆದ್ದರಿಂದಲೇ ಅದರಿಂದ ದೀಪ ಮಾಡಲಾಗಲಿಲ್ಲ. ಕಡಿಮೆ ಶಾಖದಲ್ಲಿ, ದ್ರಾವಣದಿಂದಲೇ ಮಾಡಬಹುದಾದ ಬೇರೊಂದು ಪದಾರ್ಥಕ್ಕಾಗಿ ಹುಡುಕಾಟ ನಡೆದದ್ದು ಈ ಕಾರಣಗಳಿಂದ.

ಈಗ ಪೆರೋವ್‌ಸ್ಕೈಟಿನ ಜನ್ಮವೃತ್ತಾಂತ. 1839ರಲ್ಲಿ ರಷ್ಯದ ಉರಲ್ ಪರ್ವತಗಳಲ್ಲಿ ಸಿಕ್ಕಿದ ಒಂದು ಖನಿಜವನ್ನು ಜರ್ಮನಿಯ ಗುಸ್ತಾವ್ ರೋಸ್ ಪರೀಕ್ಷಿಸಿದರು. ಅದು ಕ್ಯಾಲ್ಸಿಯಂ, ಟೈಟೇನಿಯಂ ಮತ್ತು ಆಮ್ಲಜನಕಗಳ ಸಂಯುಕ್ತ. ಖನಿಜಗಳಲ್ಲಿ ಆಸಕ್ತರಾಗಿದ್ದ ಲೆವ್ ಪೆರೋವ್‌ಸ್ಕಿ ಎಂಬ ರಷ್ಯನ್ ಅಧಿಕಾರಿಯ ಹೆಸರನ್ನು ಅದಕ್ಕಿಟ್ಟರು. ಮುಂದೆ ಅದೇ ಬಗೆಯ ಜೋಡಣೆ ಇರುವ ಎಲ್ಲ ಹರಳುಗಳಿಗೂ ಅದೇ ಹೆಸರು ಅಂಟಿಕೊಂಡಿತು. ಹೀಗಾಗಿ ಇಂದು ಪೆರೋವ್‌ಸ್ಕೈಟ್ ಎನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು.

ಆ ಜೋಡಣೆಯನ್ನು ಕಪ್ಪುಹಲಗೆಯ ಮೇಲೆ ಬಿಡಿಸುವುದು ಸುಲಭ, ಮಾತಿನಲ್ಲಿ ಹೇಳುವುದು ಸ್ವಲ್ಪ ಕಷ್ಟ. ಒಂದು ಲೋಹದ ಅಯಾನಿನ ಸುತ್ತ ಮೇಲೆ ಒಂದು, ಕೆಳಗೆ ಒಂದು, ನಾಲ್ಕು ದಿಕ್ಕಿಗೆ ನಾಲ್ಕು, ಹೀಗೆ ಆರು ಅಯಾನುಗಳು ನಿಲ್ಲುತ್ತವೆ. ಇಂತಹ ಗುಂಪುಗಳು ಮೂಲೆಗೆ ಮೂಲೆ ತಾಗಿಸಿಕೊಂಡು ಎಲ್ಲ ದಿಕ್ಕಿಗೂ ಹಬ್ಬುತ್ತವೆ. ಗುಂಪುಗಳ ನಡುವೆ ಉಳಿಯುವ ಖಾಲಿ ಜಾಗದಲ್ಲಿ ಇನ್ನೊಂದು ದೊಡ್ಡ ಅಯಾನು ಕೂರುತ್ತದೆ. ಆ ಮಧ್ಯದ ಅಯಾನು ಜಾಗಕ್ಕೆ ಸರಿಯಾದ ಗಾತ್ರದ್ದಾಗಿದ್ದರೆ ಕಟ್ಟಡ ನೆಟ್ಟಗೆ ನಿಲ್ಲುತ್ತದೆ. ಚಿಕ್ಕದಾದರೆ ಓರೆಯಾಗುತ್ತದೆ ಅಥವಾ ಕುಸಿಯುತ್ತದೆ. 1926ರಲ್ಲಿ ಗೋಲ್ಡ್‌ಶ್ಮಿಟ್ ಎಂಬ ವಿಜ್ಞಾನಿ ಇದಕ್ಕೊಂದು ಲೆಕ್ಕವನ್ನೇ ಕೊಟ್ಟರು. ಈ ಗಾತ್ರದ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಕುಟುಂಬದ ಒಬ್ಬ ಸದಸ್ಯ ನಿಮ್ಮೆಲ್ಲರ ಅಡುಗೆಮನೆಯಲ್ಲಿದೆ. ಒಲೆ ಹೊತ್ತಿಸಲು ಟಕ್ ಎಂದು ಒತ್ತುವ ಗ್ಯಾಸ್ ಲೈಟರಿನೊಳಗೆ ಇರುವುದು ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಆಕ್ಸೈಡಾದ ಒಂದು ಪೆರೋವ್‌ಸ್ಕೈಟ್. ಏಟು ಬಿದ್ದಾಗ ಅದರಲ್ಲಿ ಹುಟ್ಟುವ ವಿದ್ಯುತ್ತೇ ಕಿಡಿಯಾಗುತ್ತದೆ. ಆಕ್ಸೈಡ್ ಪೆರೋವ್‌ಸ್ಕೈಟುಗಳ ಅಧ್ಯಯನದಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ಬೆಂಗಳೂರಿನಲ್ಲೇ 1934ರಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಅವರು 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಘನವಸ್ತುಗಳ ರಸಾಯನಶಾಸ್ತ್ರಕ್ಕೆ ಮೀಸಲಾದ ವಿಭಾಗವನ್ನು ಕಟ್ಟಿದರು. 1986ರ ಸುಮಾರಿಗೆ ಅಧಿಕ ಉಷ್ಣತೆಯ ಅತಿವಾಹಕಗಳು ಜಗತ್ತನ್ನೇ ಬೆರಗುಗೊಳಿಸಿದಾಗ ಅವು ಪೆರೋವ್‌ಸ್ಕೈಟಿನ ಹತ್ತಿರದ ನೆಂಟರೆಂದು ತಿಳಿಯಿತು. ಅಂತಹ ಆಕ್ಸೈಡುಗಳನ್ನು ರಾವ್ ಅವರ ತಂಡ ಮೊದಲಿನಿಂದಲೇ ಅಭ್ಯಾಸ ಮಾಡುತ್ತಿತ್ತು. 1989ರಲ್ಲಿ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಮುಂದೆ ಭಾರತರತ್ನ ಗೌರವವೂ ಅವರಿಗೆ ಸಂದಿತು.

ಆದರೆ ಸೌರಕೋಶ ಮತ್ತು ದೀಪಗಳಿಗೆ ಬೇಕಾದದ್ದು ಈ ಕುಟುಂಬದ ಇನ್ನೊಂದು ಕವಲು. ಇದರಲ್ಲಿ ಆಮ್ಲಜನಕದ ಬದಲು ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಇರುತ್ತದೆ. ಅಂದರೆ ಇವು ನಮ್ಮ ಅಡುಗೆ ಉಪ್ಪಿನ ಜಾತಿಯವು. 1893ರಲ್ಲಿಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಹೊರೇಸ್ ವೆಲ್ಸ್ ಅವರು ಸೀಸಿಯಂ ಮತ್ತು ಸೀಸದ ಇಂತಹ ಉಪ್ಪುಗಳನ್ನು ತಯಾರಿಸಿ ವರದಿ ಮಾಡಿದ್ದರು. 1957 ಮತ್ತು 1958ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಮೋಲರ್ ಇವುಗಳ ಹರಳಿನ ಜೋಡಣೆ ಪೆರೋವ್‌ಸ್ಕೈಟಿನದೇ ಎಂದು ಕಂಡುಕೊಂಡರು. ಬೆಳಕು ಬಿದ್ದಾಗ ಇವುಗಳಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆಂಬುದನ್ನೂ ಅವರು ಬರೆದರು. 1978ರಲ್ಲಿ ಜರ್ಮನಿಯ ಡೀಟರ್ ವೇಬರ್ ಸೀಸಿಯಂ ಜಾಗದಲ್ಲಿ ಒಂದು ಸಾವಯವ ಅಯಾನನ್ನು ಕೂರಿಸಿದರು. ಇಷ್ಟೆಲ್ಲ ತಿಳಿದಿದ್ದರೂ ಇದರಿಂದ ಸೌರಕೋಶ ಮಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಪದಾರ್ಥ ಸಿದ್ಧವಾಗಿತ್ತು, ಪ್ರಶ್ನೆ ಹುಟ್ಟಿರಲಿಲ್ಲ. ಅದು ನೂರು ವರ್ಷಕ್ಕೂ ಮೇಲೆ ಶೀಷೆಯೊಳಗೆ ಕುಳಿತಿತ್ತು.

ಆ ಪ್ರಶ್ನೆಯನ್ನು ಕೇಳಿದವರು ಜಪಾನಿನ ಅಕಿಹಿರೊ ಕೊಜಿಮಾ ಎಂಬ ಸಂಶೋಧನಾ ವಿದ್ಯಾರ್ಥಿ. ಯೊಕೊಹಾಮದ ಟೊಯಿನ್ ವಿಶ್ವವಿದ್ಯಾಲಯದ ತ್ಸುತೊಮು ಮಿಯಾಸಾಕ ಅವರ ಮಾರ್ಗದರ್ಶನದಲ್ಲಿ ಅವರು ಈ ಉಪ್ಪನ್ನು ಸೌರಕೋಶದಲ್ಲಿಟ್ಟು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ದಕ್ಷತೆ ಶೇಕಡ 3.8. ಆದರೆ ಕೋಶದೊಳಗಿದ್ದ ದ್ರವದಲ್ಲಿ ಪೆರೋವ್‌ಸ್ಕೈಟ್ ಬೇಗನೆ ಕರಗಿಹೋಗುತ್ತಿತ್ತು. 2012ರಲ್ಲಿ ಕೊರಿಯದ ನಾಮ್-ಗ್ಯು ಪಾರ್ಕ್ ಮತ್ತು ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ಅವರ ತಂಡಗಳು ದ್ರವವನ್ನು ತೆಗೆದು ಘನಪದಾರ್ಥ ಹಾಕಿದವು. ದಕ್ಷತೆ ಒಮ್ಮೆಲೇ ಶೇಕಡ 10ರ ಆಸುಪಾಸಿಗೆ ಏರಿತು. ಇಷ್ಟು ಮೆಟ್ಟಿಲುಗಳನ್ನು ಇದು ಮೂರು ನಾಲ್ಕು ವರ್ಷಗಳಲ್ಲಿ ಏರಿತ್ತು.

ಇಲ್ಲಿ ನಮ್ಮ ಮಲೆನಾಡಿನ ಗೃಹಿಣಿಯರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯನ್ನು ಒಲೆಯಿಂದ ದೂರ ಇಟ್ಟರೆ ಏನಾಗುತ್ತದೆ? ಉಪ್ಪು ನೀರೊಡೆಯುತ್ತದೆ. ಮಳೆಯೇ ಬೀಳಬೇಕಾಗಿಲ್ಲ, ಗಾಳಿಯ ತೇವವೇ ಸಾಕು. ಪೆರೋವ್‌ಸ್ಕೈಟ್ ಸೌರಕೋಶಕ್ಕೂ ಅದೇ ಗತಿ. ತೇವ ತಾಗಿದರೆ ಕಪ್ಪು ಹರಳು ಹಳದಿಯಾಗಿ, ಕೊನೆಗೆ ಸೀಸದ ಅಯೋಡೈಡ್ ಮಾತ್ರ ಉಳಿಯುತ್ತದೆ. ಸಾವಯವ ಅಯಾನು ಶಾಖಕ್ಕೂ ತಾಳುವುದಿಲ್ಲ. ಅದರ ಬದಲು ಸೀಸಿಯಂ ಹಾಕಿದರೆ ಶಾಖವನ್ನು ತಾಳುತ್ತದೆ, ಆದರೆ ಮೇಲೆ ಹೇಳಿದ ಗಾತ್ರದ ತೊಂದರೆ ಎದುರಾಗುತ್ತದೆ. ಅಯೋಡಿನ್ನಿನ ಗೂಡಿಗೆ ಸೀಸಿಯಂ ಚಿಕ್ಕದು. ಮುನ್ನೂರು ಡಿಗ್ರಿಗೂ ಮೇಲಿನ ಶಾಖದಲ್ಲಿ ಕಟ್ಟಡ ನೆಟ್ಟಗಿರುತ್ತದೆ; ತಣ್ಣಗಾದ ಮೇಲೆ ಹಳದಿ ಬಣ್ಣದ, ಸೌರಕೋಶಕ್ಕೆ ಉಪಯೋಗವಿಲ್ಲದ ರೂಪಕ್ಕೆ ಕುಸಿಯುತ್ತದೆ. ಈ ಬಿಕ್ಕಟ್ಟಿಗೆ ಒಂದು ದಾರಿ ತೋರಿಸಿದ್ದು ಹರಳನ್ನು ಅತಿ ಚಿಕ್ಕದಾಗಿ ಮಾಡುವ ವಿದ್ಯೆ. ಅದೇ ನ್ಯಾನೋ ಹರಳು.

ಹರಳನ್ನು ಚಿಕ್ಕದು ಮಾಡಿದರೆ ಏನಾಗುತ್ತದೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಸೆಂಟಿಮೀಟರ್ ಉದ್ದಗಲ ಎತ್ತರದ ಬೆಲ್ಲದ ಚೂರನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ ಆರು ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಅಳತೆಯ ಘನಗಳಾಗಿ ಕತ್ತರಿಸಿದೆವೆನ್ನಿ. ಒಂದು ಅಂಚಿನಲ್ಲಿ ಹತ್ತು ಲಕ್ಷ ತುಂಡುಗಳಾಗುತ್ತವೆ, ಮೇಲ್ಮೈ ಹತ್ತು ಲಕ್ಷ ಪಟ್ಟು ಹೆಚ್ಚುತ್ತದೆ, ಅಂದರೆ 600 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು ಆರು ಗುಂಟೆ ಜಮೀನು! ಇಷ್ಟು ಮೇಲ್ಮೈ ಇರುವಾಗ ಹರಳಿನ ಸ್ವಭಾವವನ್ನು ಒಳಗಿನ ಅಯಾನುಗಳಷ್ಟೇ ಅಲ್ಲ, ಅಂಚಿನಲ್ಲಿರುವ ಅಯಾನುಗಳೂ ನಿರ್ಧರಿಸುತ್ತವೆ. ದೊಡ್ಡ ಹರಳು ಕುಸಿಯುವ ಕಡೆ ಚಿಕ್ಕ ಹರಳು ನೆಟ್ಟಗೆ ನಿಲ್ಲಬಹುದು. ಜೊತೆಗೆ ಅದು ಸೂಸುವ ಬೆಳಕಿನ ಬಣ್ಣವೂ ಗಾತ್ರದೊಂದಿಗೆ ಬದಲಾಗುತ್ತದೆ. ಈ ಎರಡನೆಯ ಗುಣವನ್ನು ಬೇರೆ ಪದಾರ್ಥಗಳಲ್ಲಿ ಕಂಡು ಸಾಧಿಸಿದ ಎಕಿಮೊವ್, ಬ್ರೂಸ್ ಮತ್ತು ಬಾವೆಂಡಿಯವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರಕಿತು.

ಸೀಸಿಯಂ, ಸೀಸ ಮತ್ತು ಹ್ಯಾಲೋಜನ್‌ಗಳ ನ್ಯಾನೋ ಹರಳನ್ನು 2015ರಲ್ಲಿ ಪ್ರಸಿದ್ಧಿಗೆ ತಂದವರು ಸ್ವಿಟ್ಜರ್ಲೆಂಡಿನ ಮಕ್ಸಿಮ್ ಕೊವಲೆಂಕೊ ಅವರ ತಂಡ. ವಿಧಾನ ಕೇಳಿದರೆ ಒಗ್ಗರಣೆಯ ನೆನಪಾಗುತ್ತದೆ. ಎಣ್ಣೆಯಂತಹ ಒಂದು ದ್ರವದಲ್ಲಿ ಸೀಸದ ಉಪ್ಪನ್ನು ಕರಗಿಸಿ 140ರಿಂದ 200 ಡಿಗ್ರಿಗಳ ನಡುವೆ ಕಾಯಿಸಬೇಕು. ಅದಕ್ಕೆ ಸೀಸಿಯಂ ದ್ರಾವಣವನ್ನು ಥಟ್ಟನೆ ಸುರಿಯಬೇಕು. ಕೆಲವೇ ಕ್ಷಣಗಳಲ್ಲಿ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸಬೇಕು. ಅಷ್ಟರಲ್ಲಿ 4ರಿಂದ 15 ನ್ಯಾನೋಮೀಟರ್ ಅಳತೆಯ ಪುಟ್ಟ ಘನಾಕೃತಿಗಳು ಮೂಡಿರುತ್ತವೆ. ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಮೈಮೇಲೆ ಓಲೆಯಿಕ್ ಆಮ್ಲದ ಲೇಪ ಇರುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಕೊಬ್ಬಿನಾಮ್ಲ ಇದೇ. ಕ್ಲೋರಿನ್ ಇದ್ದರೆ ನೀಲಿ, ಬ್ರೋಮಿನ್ ಇದ್ದರೆ ಹಸಿರು, ಅಯೋಡಿನ್ ಇದ್ದರೆ ಕೆಂಪು. ಬೆರಕೆ ಮಾಡಿದರೆ ನಡುವಿನ ಬಣ್ಣಗಳು. ಹೀರಿದ ಬೆಳಕಿನ ನೂರರಲ್ಲಿ ತೊಂಬತ್ತು ಪಾಲಿನವರೆಗೂ ಇವು ಮರಳಿ ಸೂಸಬಲ್ಲವು. ಸಿಲಿಕಾನಿನಂತೆ ಕಟ್ಟುನಿಟ್ಟಾದ ಶುದ್ಧಿಯೂ ಇವಕ್ಕೆ ಬೇಡ. ಹರಳಿನಲ್ಲಿ ಅಲ್ಲಲ್ಲಿ ದೋಷವಿದ್ದರೂ ಬೆಳಕಿನ ಕೆಲಸ ನಿಲ್ಲುವುದಿಲ್ಲ.

ಈಗ ನಾನು ಮೊದಲು ಹೇಳಿದ ಗುರುಶಿಷ್ಯ ಪರಂಪರೆಗೆ ಬರುತ್ತೇನೆ. ಸಿ. ಎನ್. ಆರ್. ರಾವ್ ಅವರ ಶಿಷ್ಯರಾಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು ಡಿ. ಡಿ. ಶರ್ಮ. ಅದೇ ಸಂಸ್ಥೆಯಲ್ಲಿ ಅವರು ಅರೆವಾಹಕ ನ್ಯಾನೋ ಹರಳುಗಳ ಅಧ್ಯಯನಕ್ಕೆ ಒಂದು ಶಾಲೆಯನ್ನೇ ಕಟ್ಟಿದರು. ಅವರ ಶಿಷ್ಯರಲ್ಲಿ ರಂಜನಿ ವಿಶ್ವನಾಥ ಜಕ್ಕೂರಿನ ಕೇಂದ್ರದಲ್ಲಿ, ಪ್ರಳಯ್ ಸಾಂತ್ರಾ ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರದಲ್ಲಿ, ಅಂಗ್ಶುಮಾನ್ ನಾಗ್ ಪುಣೆಯ ಐಸರ್ ಸಂಸ್ಥೆಯಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿದ್ದಾರೆ. ಕೊವಲೆಂಕೊ ಅವರ ಪ್ರಬಂಧ ಬಂದ ವರ್ಷವೇ, ಅಂದರೆ 2015ರಲ್ಲಿಯೇ, ನಾಗ್ ಅವರ ತಂಡ ಬ್ರೋಮಿನ್ ಇರುವ ಹಸಿರು ನ್ಯಾನೋ ಹರಳುಗಳ ಬೆಳಕಿನ ಗುಣಗಳನ್ನು ಕುರಿತು ಪ್ರಬಂಧ ಪ್ರಕಟಿಸಿತು. ಅದರ ಮೊದಲ ಲೇಖಕರು ನಾಗ್ ಅವರ ವಿದ್ಯಾರ್ಥಿ ಅಭಿಷೇಕ್ ಸ್ವರ್ಣಕರ್.

ಮರುವರ್ಷ, 2016ರಲ್ಲಿ, ಈ ಸ್ವರ್ಣಕರ್ ಅವರೇ ಮೊದಲ ಲೇಖಕರಾಗಿ ಅಮೆರಿಕದ ಕೊಲರಾಡೊದಲ್ಲಿರುವ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿಯ ಪ್ರಯೋಗಶಾಲೆಯವರೊಡನೆ ಬರೆದ ಪ್ರಬಂಧ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಕುಸಿಯುವ ಸ್ವಭಾವದ ಆ ಸೀಸಿಯಂ ಸೀಸ ಅಯೋಡೈಡನ್ನು ಅವರು ನ್ಯಾನೋ ಹರಳಾಗಿ ಮಾಡಿದರು. ಉಳಿದ ಕಲ್ಮಶವನ್ನು ಮೀಥೈಲ್ ಅಸಿಟೇಟ್ ಎಂಬ ದ್ರವದಿಂದ ತೊಳೆದರು. ಹರಳುಗಳು ಒಂದಕ್ಕೊಂದು ಅಂಟದೆ ಶುದ್ಧವಾದವು. ಕಪ್ಪು ರೂಪ ಕುಸಿಯದೆ ಉಳಿಯಿತು. ಅದರಿಂದ ಮಾಡಿದ ತೆಳುಪದರ ಹೊರಗಿನ ಗಾಳಿಯಲ್ಲಿ ತಿಂಗಳುಗಟ್ಟಲೆ ಕೆಡಲಿಲ್ಲ. ಸೌರಕೋಶದ ದಕ್ಷತೆ ಶೇಕಡ 10.77, ವೋಲ್ಟೇಜು 1.23. ಅದೇ ಕೋಶಕ್ಕೆ ಹೊರಗಿನಿಂದ ವಿದ್ಯುತ್ತು ಕೊಟ್ಟಾಗ ಅದು ಕೆಂಪು ದೀಪವಾಗಿ ಬೆಳಗಿತು! ಕಂಬದ ಮೇಲಿನ ಫಲಕ ಮತ್ತು ಕೆಳಗಿನ ದೀಪ ಎರಡೂ ಒಂದೇ ಚೂರಿನಲ್ಲಿ ಸೇರಿದ್ದವು. ರಾವ್, ಶರ್ಮ, ನಾಗ್, ಸ್ವರ್ಣಕರ್ ಎಂದು ನಾಲ್ಕು ತಲೆಮಾರು. ಮೊದಲಿನವರು ಕೈಹಿಡಿದದ್ದು ಆಕ್ಸೈಡುಗಳನ್ನು, ಕೊನೆಯವರು ಬೆಳಗಿಸಿದ್ದು ಉಪ್ಪನ್ನು. ಅಧ್ಯಾಪಕನಾದ ನನಗೆ ಈ ಸಾಲು ಓದುವಾಗ ಆಗುವ ಸಂತೋಷವನ್ನು ಮುಚ್ಚಿಡಲಾರೆ.

ಒಂದೇ ವಸ್ತು ಎರಡೂ ಕೆಲಸ ಮಾಡುವುದು ಆಕಸ್ಮಿಕವಲ್ಲ. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನು ತನ್ನ ಜಾಗ ಬಿಟ್ಟು ಮೇಲೇರುತ್ತದೆ, ಹಿಂದೆ ಒಂದು ಖಾಲಿ ಜಾಗ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೊರಗೆ ತಂದರೆ ವಿದ್ಯುತ್ತು. ಒಳಗೇ ಅವು ಮತ್ತೆ ಕೂಡಿದರೆ ಬೆಳಕು ಹುಟ್ಟಬಹುದು, ಇಲ್ಲವೇ ಬರಿಯ ಶಾಖವಾಗಿ ಪೋಲಾಗಬಹುದು. ಶಾಖವಾಗಿ ಪೋಲಾಗುವುದು ಕಡಿಮೆಯಾದಷ್ಟೂ ಸೌರಕೋಶವೂ ಉತ್ತಮ, ದೀಪವೂ ಉತ್ತಮ. ಒಳ್ಳೆಯ ಸೌರಕೋಶ ಒಳ್ಳೆಯ ದೀಪವೂ ಆಗಿರಬೇಕೆಂಬ ಈ ತತ್ತ್ವವನ್ನು ಅಮೆರಿಕದ ಎಲಿ ಯಾಬ್ಲೊನೊವಿಚ್ ಮತ್ತು ಸಂಗಡಿಗರು 2012ರಲ್ಲಿ ಸ್ಪಷ್ಟವಾಗಿ ವಿವರಿಸಿದ್ದರು.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಮತ್ತೊಬ್ಬರ ಹೆಸರಿದೆ. ಕಾರವಾರದ ಹತ್ತಿರದ ಬಿಣಗಾದವರಾದ ಪ್ರಶಾಂತ್ ಕಾಮತ್ ಮುಂಬಯಿ ವಿಶ್ವವಿದ್ಯಾಲಯದಿಂದ 1979ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ನ್ಯಾನೋ ಹರಳುಗಳ ಸೌರಕೋಶಗಳಲ್ಲಿ ಅವರು ಅಗ್ರಗಣ್ಯರು. ಮೇಲೆ ಹೇಳಿದ ಸಾಂತ್ರಾ ಅವರು ಕಾಮತರೊಡನೆ ಸೇರಿ 2012ರಲ್ಲಿ ಬೇರೊಂದು ಜಾತಿಯ ನ್ಯಾನೋ ಹರಳಿಗೆ ಮ್ಯಾಂಗನೀಸ್ ಬೆರಸಿ ಶೇಕಡ 5ಕ್ಕೂ ಹೆಚ್ಚಿನ ದಕ್ಷತೆ ತೋರಿಸಿದ್ದರು. ಪೆರೋವ್‌ಸ್ಕೈಟಿನ ಕಾಲ ಬಂದ ಮೇಲೆ ಕಾಮತರು ಅದರ ಒಂದು ವಿಚಿತ್ರ ದೋಷವನ್ನು ಬೆನ್ನುಹತ್ತಿದರು. ಬ್ರೋಮಿನ್ ಮತ್ತು ಅಯೋಡಿನ್ ಬೆರೆಸಿದ ಪದರಕ್ಕೆ ಬಿಸಿಲು ಬಿದ್ದರೆ ಒಡೆದ ಹಾಲಿನಂತೆ ಎರಡೂ ಬೇರೆ ಬೇರೆಯಾಗುತ್ತವೆ. ಕತ್ತಲೆಯಲ್ಲಿಟ್ಟರೆ ಮತ್ತೆ ಬೆರೆಯುತ್ತವೆ. ಬಣ್ಣ ಕೆಡುತ್ತದೆ, ದಕ್ಷತೆ ಇಳಿಯುತ್ತದೆ. ನ್ಯಾನೋ ಹರಳುಗಳನ್ನು ಒಟ್ಟಿಗೆ ಇಟ್ಟಾಗಲೂ ಒಂದರ ಅಯಾನು ಇನ್ನೊಂದಕ್ಕೆ ನುಸುಳುತ್ತದೆ. 2018ರಲ್ಲಿ ಕಾಮತರ ತಂಡ ಮತ್ತು ಪುಣೆಯ ನಾಗ್ ಅವರ ತಂಡ ಸೇರಿ, ಹರಳುಗಳಿಗೆ ಸೀಸದ ಸಲ್ಫೇಟ್ ಇರುವ ಹೊದಿಕೆ ಕೊಟ್ಟು ಈ ನುಸುಳುವಿಕೆಯನ್ನು ತಡೆಯಬಹುದೆಂದು ತೋರಿಸಿದವು. ಕಾರವಾರದ ಕಡಲತಡಿಯಲ್ಲಿ ಹುಟ್ಟಿದವರು ಉಪ್ಪಿನ ಹರಳಿಗೆ ಕವಚ ತೊಡಿಸಿದ್ದು ಸೊಗಸಾಗಿ ಒಪ್ಪುತ್ತದೆ.

ದೀಪದ ಕಡೆ ನೋಡಿದರೆ, 2014ರಲ್ಲಿ ಕೇಂಬ್ರಿಜ್ಜಿನಲ್ಲಿ ಮಾಡಿದ ಮೊದಲ ಪೆರೋವ್‌ಸ್ಕೈಟ್ ಎಲ್‌ಇಡಿಗಳ ದಕ್ಷತೆ ಶೇಕಡ ಒಂದಕ್ಕಿಂತ ಕಡಿಮೆ ಇತ್ತು. 2018ರ ವೇಳೆಗೆ ಶೇಕಡ 20ನ್ನು ದಾಟಿತು. ಆದರೂ ಇವುಗಳ ಆಯುಸ್ಸು ಇಂದಿನ ಸಾಮಾನ್ಯ ಎಲ್‌ಇಡಿಗೆ ಸಾಟಿಯಾಗಿಲ್ಲ, ನೀಲಿ ಬಣ್ಣದ ದೀಪವಂತೂ ಹಿಂದುಳಿದಿದೆ. ಸೌರಕೋಶದ ಕಡೆ ನ್ಯಾನೋ ಹರಳಿಗಿಂತ ತೆಳುಪದರದ ಪೆರೋವ್‌ಸ್ಕೈಟ್ ಮುಂದೆ ಹೋಗಿದೆ. ಸಿಲಿಕಾನನ್ನು ಓಡಿಸುವ ಬದಲು ಅದರ ಹೆಗಲ ಮೇಲೆ ಕುಳಿತು ದುಡಿಯುವುದು ಈಗಿನ ಜಾಣತನ. ನೀಲಿ, ಹಸಿರು ಬೆಳಕನ್ನು ಮೇಲಿನ ಪೆರೋವ್‌ಸ್ಕೈಟ್ ಹೀರುತ್ತದೆ, ಉಳಿದ ಕೆಂಪನ್ನು ಕೆಳಗಿನ ಸಿಲಿಕಾನ್ ಹೀರುತ್ತದೆ. ಸಿಲಿಕಾನ್ ಒಂದೇ ಆದರೆ ಶೇಕಡ 29.4ರ ಆಚೆಗೆ ಹೋಗಲಾರದೆಂದು ಸಿದ್ಧಾಂತ ಹೇಳುತ್ತದೆ. ಈ ಜೋಡಿಯಿಂದ ಚೀನಾದ ಲಾಂಜಿ ಸಂಸ್ಥೆ 2024ರಲ್ಲಿ ಶೇಕಡ 34.6ನ್ನು ಮುಟ್ಟಿತು. ಅದೇ ವರ್ಷ ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಸಂಸ್ಥೆ ಇಂತಹ ಜೋಡಿ ಫಲಕಗಳನ್ನು ಮೊದಲ ಬಾರಿಗೆ ಗ್ರಾಹಕರಿಗೆ ಕಳಿಸಿತು.

ಇಷ್ಟಾದರೂ ಒಂದು ಮಾತನ್ನು ನಾವು ಬೆಟ್ಟದವರು ಕೇಳಲೇಬೇಕು. ಕೊಲರಾಡೊದ ಗಾಳಿ ಒಣಗಾಳಿ. ಅಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿದದ್ದು ಇಲ್ಲಿ ಎಷ್ಟು ದಿನ ಉಳಿದೀತು? ಸೌರಫಲಕಗಳಿಗೆ ಅಂತರರಾಷ್ಟ್ರೀಯ ಪರೀಕ್ಷೆಯೊಂದಿದೆ. 85 ಡಿಗ್ರಿ ಶಾಖ, ಶೇಕಡ 85ರ ತೇವ, ಅದರಲ್ಲಿ 1,000 ಗಂಟೆ ಇಡಬೇಕು. ಸಾವಿರ ಗಂಟೆಯೆಂದರೆ ನಲವತ್ತೆರಡು ದಿನ. ನಮ್ಮ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂರಿಪ್ಪತ್ತು ದಿನ. ಶಾಖ ಕಡಿಮೆ ನಿಜ, ಆದರೆ ಈ ಪರೀಕ್ಷೆ ಪ್ರತಿವರ್ಷ ಬರುತ್ತದೆ. ಇಪ್ಪತ್ತೈದು ವರ್ಷ ಬಾಳುವ ಭರವಸೆ ಕೊಡುವ ಸಿಲಿಕಾನ್ ಫಲಕದ ಪಕ್ಕ ನಿಲ್ಲಬೇಕಾದರೆ ಪೆರೋವ್‌ಸ್ಕೈಟ್ ಇಪ್ಪತ್ತೈದು ಆಷಾಢಗಳನ್ನು ದಾಟಬೇಕು. ಗಾಜು, ಅಂಟು, ಅಂಚಿನ ಬಿಗಿ ಇವುಗಳಲ್ಲಿ ಎಲ್ಲಿಯಾದರೂ ಕೂದಲೆಳೆಯ ಬಿರುಕು ಬಿಟ್ಟರೆ ಭರಣಿಯ ಉಪ್ಪಿನ ಕಥೆಯೇ.

ಎರಡನೆಯ ಮಾತು ಸೀಸದ್ದು. ಸೀಸ ವಿಷ, ಅದರಲ್ಲಿಯೂ ಮಕ್ಕಳ ಮಿದುಳಿಗೆ ಹಾನಿಕರ. ಒಂದು ಚದರ ಮೀಟರ್ ಪೆರೋವ್‌ಸ್ಕೈಟ್ ಪದರದಲ್ಲಿ ಇರುವ ಸೀಸ ಒಂದು ಗ್ರಾಮಿನ ಆಸುಪಾಸು. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಯಲ್ಲಿ ಹಲವು ಕಿಲೋ ಸೀಸವಿದೆ, ಅದಕ್ಕೆ ನಾವಾರೂ ಹೆದರುವುದಿಲ್ಲ. ಆದರೆ ಬ್ಯಾಟರಿ ಹಳತಾದಾಗ ಅಂಗಡಿಯವನು ಹಣ ಕೊಟ್ಟು ವಾಪಸು ತೆಗೆದುಕೊಳ್ಳುತ್ತಾನೆ. ಒಡೆದ ಫಲಕವನ್ನು ಹಾಗೆ ಕೊಳ್ಳುವವರಿಲ್ಲ, ಅದು ತೋಟದ ಮೂಲೆ ಸೇರುತ್ತದೆ. ಮೇಲಾಗಿ ಪೆರೋವ್‌ಸ್ಕೈಟಿನ ಸೀಸ ನೀರಿನಲ್ಲಿ ಕರಗುವ ರೂಪದಲ್ಲಿದೆ. ನಮ್ಮ ಹಳ್ಳಗಳ ನೀರು ಹೇಮಾವತಿಗೆ, ಹೇಮಾವತಿಯ ನೀರು ಗೊರೂರಿನ ಜಲಾಶಯಕ್ಕೆ, ಅಲ್ಲಿಂದ ಕೆಳಗಿನ ಜಿಲ್ಲೆಗಳ ಗದ್ದೆಗೂ ಕೊಳಾಯಿಗೂ ಹೋಗುತ್ತದೆ. ನದಿಯ ಮೇಲ್ಭಾಗದಲ್ಲಿ ಇರುವವರಿಗೆ ಈ ವಿಷಯದಲ್ಲಿ ಹೆಚ್ಚಿನ ಹೊಣೆಯಿದೆ. ಸೀಸದ ಬದಲು ತವರ ಬಳಸುವ ಪ್ರಯತ್ನಗಳು ನಡೆದಿವೆ, ಸೀಸ ಸೋರದಂತೆ ಹಿಡಿದಿಡುವ ಲೇಪಗಳೂ ಬಂದಿವೆ. ತವರದ ಹರಳು ಗಾಳಿಗೆ ಇನ್ನೂ ಬೇಗ ಕೆಡುತ್ತದೆ.

ಹೊಸ ಫಲಕ ಬರುವವರೆಗೆ ಕಾಯೋಣವೇ ಎಂದು ತೋಟದಲ್ಲಿರುವ ಕೆಲವರು ಕೇಳುತ್ತಾರೆ. ಕಾಯಬೇಡಿ. ಇಂದು ಬೇಕಾದ ದೀಪಕ್ಕೆ, ಇಂದಿನ ಆನೆಬೇಲಿಗೆ ಸಿಲಿಕಾನ್ ಸಾಕು, ಅದರ ಬೆಲೆಯೂ ಬಹಳ ಇಳಿದಿದೆ. ಮಾರುವವರು ಹೊಸ ಹೆಸರು ಹೇಳಿಕೊಂಡು ಬಂದರೆ ದಕ್ಷತೆ ಎಷ್ಟೆಂದು ಕೇಳುವ ಮೊದಲು ಎಷ್ಟು ಮಳೆಗಾಲ ದಾಟಿದೆಯೆಂದು ಕೇಳಿ, ಕೆಟ್ಟ ಮೇಲೆ ವಾಪಸು ತೆಗೆದುಕೊಳ್ಳುವವರು ಯಾರೆಂದೂ ಕೇಳಿ.

ಇನ್ನು, ನಿಮ್ಮ ಮಕ್ಕಳಲ್ಲಿ ಯಾರಾದರೂ ರಸಾಯನಶಾಸ್ತ್ರ ಓದಿ ಜಕ್ಕೂರಿಗೋ ಪುಣೆಗೋ ಹೋದರೆ ಅವರಿಗೆ ಈ ಮುದುಕನ ಒಂದು ಕೋರಿಕೆ ತಲಪಿಸಿ. 1893ರ ಶೀಷೆಯಲ್ಲಿದ್ದ ಉಪ್ಪಿಗೆ ಸರಿಯಾದ ಪ್ರಶ್ನೆ ಕೇಳಲು ಒಬ್ಬ ವಿದ್ಯಾರ್ಥಿ ಬರಬೇಕಾಯಿತು. ಈಗ ಕೇಳಬೇಕಾದ ಪ್ರಶ್ನೆ ನೀರಿನದು. ಪ್ರಯೋಗಶಾಲೆಯ ತೇವದ ಪೆಟ್ಟಿಗೆಯಲ್ಲಿ ಗೆದ್ದ ಹರಳಿನ ಒಂದು ತುಣುಕನ್ನು ಬಿಗಿಯಾಗಿ ಮುಚ್ಚಿ, ಜೂನ್ ಆರಂಭದಲ್ಲಿ ಬಿಸಿಲೆಯ ಕಡೆಯೋ ಹೆತ್ತೂರಿನ ಕಡೆಯೋ ಒಂದು ಹೆಂಚಿನ ಮಾಡಿನ ಮೇಲೆ ಇಟ್ಟುಹೋಗಲಿ, ಅಕ್ಟೋಬರಿನಲ್ಲಿ ಬಂದು ಅಳೆಯಲಿ. ಇಲ್ಲಿ ಉಳಿದದ್ದು ಎಲ್ಲಿಯೂ ಉಳಿಯುತ್ತದೆ.